ಮೆಣಸಿನ ಕಣ, ತೂತು ಟಾರ್ಪಾಲು ಮತ್ತು ಬೆಳ್ಳಿಯ ಲೆಕ್ಕ

ಈ ವಿಡಿಯೋದಲ್ಲಿರುವುದು ಕೊಡಗಿನ ನಾಪೋಕ್ಲಿನ ನಮ್ಮ ಕಣ. ಮೆಣಸು ಹರಡುವುದು ಕಾಣಿಸುತ್ತಿದೆ ಅಲ್ವಾ, ಅದನ್ನು ಬಿಡಿಸಿ ಹೇಳುವುದಿಲ್ಲ. ಲ್ಯಾಬಿನಲ್ಲಿ ಏನು ಮಾಡುತ್ತೀಯ ಎಂದು ದೊಡ್ಡಪ್ಪ ಕೇಳುತ್ತಲೇ ಇರುತ್ತಾರೆ. ಅವರ ನೆಪದಲ್ಲಿ ನಿಮಗೂ ಹೇಳಿಬಿಡುತ್ತೇನೆ.

ಬೆಳ್ಳಿಯ ತುಂಡಿಗೆ ಲೇಸರ್ ಹೊಡೆದರೆ ಆವಿ ಏಳುತ್ತದೆ. ಹೀಲಿಯಂ ಅನಿಲ ಅದನ್ನು ತಣ್ಣಗೆ ಮಾಡುತ್ತದೆ, ಪರಮಾಣುಗಳು ಗುಂಪು ಕಟ್ಟುತ್ತವೆ. ನಮಗೆ ಬೇಕಾದದ್ದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಗುಂಪುಗಳು, ಅಂದರೆ ಧನ (ಪಾಸಿಟಿವ್) ವಿದ್ಯುದಾವೇಶ ಇರುವವು. ವಿದ್ಯುತ್ ಕ್ಷೇತ್ರದಿಂದ ಎಳೆದು, ತೂಕ ನೋಡಿ ಬೇರ್ಪಡಿಸಬಹುದು. ಆಮೇಲೆ ಇನ್ನೊಂದು ಲೇಸರ್...

ಅಯ್ಯೋ, ಈ ಶಾಟ್. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ. ಕಾಫಿಗೆ ಅಮೃತ, ಕಣದಲ್ಲಿರುವ ಮೆಣಸಿಗೆ ಶನಿ. ಆ ನೀಲಿ ಟಾರ್ಪಾಲು ನೋಡಿ, ವಿರಾಜಪೇಟೆಯಲ್ಲಿ 2,800 ರೂಪಾಯಿ ಕೊಟ್ಟಿದ್ದು. "ದಪ್ಪದ್ದು, ಮೂರು ಮಳೆಗಾಲ ತಡೆಯುತ್ತೆ" ಅಂದಿದ್ದರು ಅಂಗಡಿಯವರು. ಮೊದಲ ಮಳೆಗೇ ಮಡಿಕೆ ಬಿದ್ದ ಕಡೆಯೆಲ್ಲ ಸೂಜಿಮೊನೆಯಷ್ಟು ತೂತು! ವಾಪಸ್ ಒಯ್ದರೆ, "ಬಿಸಿಲಲ್ಲಿ ಇಟ್ಟಿರಬೇಕು ನೀವು" ಅಂದರು. ಕಣಕ್ಕೆ ಹಾಕುವ ಟಾರ್ಪಾಲನ್ನು ಬೀರುವಿನಲ್ಲಿ ಇಡಬೇಕಿತ್ತಾ? ಬದಲಿಸಿ ಕೊಡಲಿಲ್ಲ. ಒದ್ದೆ ಮೆಣಸು ಅಡುಗೆಮನೆಯವರೆಗೂ ಬಂತು, ಅಮ್ಮನ ಮುಖ ನಾನು ಶೂಟ್ ಮಾಡಲಿಲ್ಲ.

ಹಾಂ, ಲೇಸರ್. ಲೇಸರ್ ಅಂದರೆ ಕತ್ತಿ ಅಂದುಕೊಳ್ಳುವವರೇ ಜಾಸ್ತಿ. ಶುದ್ಧ ತಪ್ಪು. 532 ನ್ಯಾನೋಮೀಟರಿನ ಹಸಿರು ಬೆಳಕಿನ ಒಂದೊಂದು ಫೋಟಾನ್ 2.33 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ತರುತ್ತದೆ. ಅದು ಇಡೀ ಗುಂಪನ್ನು ಕಾಯಿಸಿ ನಡುಗಿಸುತ್ತದೆ. ಬಿಸಿಲಿಗೆ ಒಣಗಿದ ಗೊಂಚಲಿನಿಂದ ಕಾಳು ಉದುರಿದ ಹಾಗೆ ಪರಮಾಣು ಕಳಚಿಕೊಳ್ಳುತ್ತದೆ.

ಯಾವುದು ಕಳಚುತ್ತದೆ ಅನ್ನುವುದೇ ಮಜಾ. ಪ್ರತಿ ಬೆಳ್ಳಿ ಪರಮಾಣು ಒಂದು ಸಡಿಲ ಎಲೆಕ್ಟ್ರಾನ್ ಕೊಡುತ್ತದೆ. 9 ಪರಮಾಣುವಿನ ಧನ ಗುಂಪಿನಲ್ಲಿ ಒಂದು ಎಲೆಕ್ಟ್ರಾನ್ ಹೋಗಿ 8 ಉಳಿಯುತ್ತದೆ. 8 ಅಂದರೆ ಎಲೆಕ್ಟ್ರಾನ್‌ಗಳು ಕೂರುವ ಕವಚ ತುಂಬಿತು, ಗುಂಪು ಗಟ್ಟಿ. ಅದಕ್ಕೇ 10 ಪರಮಾಣುವಿನ ಧನ ಗುಂಪು ಒಂದು ಪರಮಾಣು ಬಿಟ್ಟು 9ರದ್ದಾಗುತ್ತದೆ. ಬೆಸ ಸಂಖ್ಯೆಯ ಕೆಲವು ಚಿಕ್ಕ ಗುಂಪುಗಳು ಮಾತ್ರ ಪರಮಾಣುಗಳ ಜೋಡಿಯನ್ನೇ ಬಿಡುತ್ತವೆ, ಉಳಿದದ್ದು ಮತ್ತೆ ಬೆಸವೇ. ಕವಚ ತುಂಬುವ 8, 20, 40 ಎಂಬ ಈ ಲೆಕ್ಕವನ್ನು 1984ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಸೋಡಿಯಂ ಗುಂಪುಗಳಲ್ಲಿ ಕಂಡಿದ್ದರು.

ಎರಡು ಎಲೆಕ್ಟ್ರಾನ್ ಕಳೆದುಕೊಂಡ ಗುಂಪುಗಳು ಸುಮ್ನೆ ತಲೆನೋವು. ಇಲ್ಲ, ಇರಿ, ಅವೇ ಚೆನ್ನ. ಧನ ಧನವನ್ನು ತಳ್ಳಿ, ಚಿಕ್ಕವಾದರೆ ಎರಡು ಹೋಳೇ ಆಗಬಹುದು. ವಿದ್ಯುದಾವೇಶ ಜಾಸ್ತಿಯಾದ ಹನಿ ಒಡೆಯುತ್ತದೆ ಎಂದು 1882ರಲ್ಲೇ ಬ್ರಿಟಿಷ್ ಭೌತವಿಜ್ಞಾನಿ ರೇಲೀ ಲೆಕ್ಕ ಹಾಕಿದ್ದರು.

ಕ್ಲಿಪ್ಪಿನಲ್ಲಿ ಇನ್ನು ಉಳಿದಿರುವುದು ದೊಡ್ಡಪ್ಪನ ಬೆನ್ನು ಮಾತ್ರ. ನಿಲ್ಲಿಸುತ್ತೇನೆ.