ಬಿದ್ರಿ: ಮಾಡಿದವರ ಹೆಸರು ಎಲ್ಲಿ?

(ಬೀದರ್ ಪ್ರವಾಸಕ್ಕೆ ಹೊರಟಿದ್ದ ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ಕಲಬುರಗಿಯಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳ ಬಗ್ಗೆ ನಿಮ್ಮ ಗುರುಗಳು ಆಗಲೇ ಹೇಳಿದ್ದಾರೆ. ನಾನು ನೇರ ಬಿದ್ರಿಗೆ, ಅಂದರೆ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕಸುಬಿಗೆ ಬರ್ತೀನಿ. ಹಳೆಯ ಬಿದ್ರಿ ವಸ್ತು ಕೈಗೆ ಸಿಕ್ಕರೆ ಮೊದಲು ತಲೆಕೆಳಗು ಮಾಡಿ ನೋಡ್ರಿ. ಬುಡದಲ್ಲಿ ಮಾಡಿದವರ ಹೆಸರು ಸಿಗುವುದು ತೀರಾ ಅಪರೂಪ. ಆದರೆ ಅವರು ಹೇಗೆ ಕೆಲಸ ಮಾಡಿದರು, ಯಾರಿಗಾಗಿ ಮಾಡಿದರು ಎಂಬುದೆಲ್ಲ ಆ ವಸ್ತುವಿನ ಮೈಮೇಲೇ ಇರುತ್ತದೆ.

ಹುಕ್ಕಾದ ಬುಡದ ಪಾತ್ರೆಯನ್ನೇ ತಗೊಳ್ರಿ. ಅದು ದುಂಡಗಿದ್ದರೆ ಸಾಮಾನ್ಯವಾಗಿ 17ನೇ ಶತಮಾನದ್ದು. ಗಂಟೆಯಾಕಾರದ್ದಾದರೆ 18ನೇ ಶತಮಾನ ಅಥವಾ ಆಮೇಲಿನದು. ದುಂಡಗಿನದು ತಾನಾಗಿ ನಿಲ್ಲುವುದಿಲ್ಲ, ಕೆಳಗೊಂದು ಬಳೆ ಇಡಬೇಕು. ಪೋರ್ಚುಗೀಸರಿಂದ ದಖ್ಖನಿಗೆ ಬಂದ ತಂಬಾಕು 1600ರ ಆಸುಪಾಸಿನಲ್ಲಿ ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೂ ಹೋಯಿತು. ದೊರೆಗಳಿಗೆ ಹಿಡಿದ ಆ ಚಟ ಎಷ್ಟೋ ಕಸುಬುದಾರರ ಮನೆಯ ಒಲೆ ಉರಿಸಿತು. ಎಲೆ-ಅಡಿಕೆ ಇಡುವ ಪಾನ್‌ದಾನ್, ಉಗುಳುವ ಉಗಾಲ್‌ದಾನ್, ಅತ್ತರದಾನಿ, ಹಾಸಿದ ಜಮಖಾನ ಹಾರದಂತೆ ಮೂಲೆಗಿಡುವ ಮೀರ್-ಎ-ಫರ್ಶ್, ಇವೆಲ್ಲ ಕೂತು ಹರಟುವ ಶ್ರೀಮಂತರ ಸಾಮಾನು. 1948ರ ನಂತರ ನಿಜಾಮಶಾಹಿ ಹೋಯಿತು, ಜಹಗೀರುಗಳೂ ಹೋದವು, ಗಿರಾಕಿ ಬದಲಾದ. ಅದೇ ಕೈಗಳು ಆಶ್‌ಟ್ರೇ, ಹೂದಾನಿ, ಕಫ್‌ಲಿಂಕ್ ಮಾಡತೊಡಗಿದವು.

ಈಗ ಲೋಹದ ವಿಷಯ. ಬಿದ್ರಿ ಕಬ್ಬಿಣವಲ್ಲ. ಅದು ಸತು ಮತ್ತು ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಕಾವು ವಿಪರೀತವಾದರೆ ಸತು ಬಿಳಿ ಹೊಗೆಯಾಗಿ ಹಾರಿಹೋಗಿ ಅಳತೆ ತಪ್ಪುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಎರಕದ ಕೋಣೆಗೆ ಗಾಳಿ ಆಡುವ ಕಿಟಕಿ ಇದೆಯೋ ಇಲ್ಲವೋ, ಹೋದಾಗ ಅದನ್ನೂ ನೋಡಿ ಬರ್ರಿ. ತಾಮ್ರ ಹೆಚ್ಚಾದರೆ ಮೈ ಗಡುಸಾಗಿ ಉಳಿ ಜಾರುತ್ತದೆ. ಕಡಿಮೆಯಾದರೆ ಕೊನೆಯಲ್ಲಿ ಕಪ್ಪು ಕೂರದೆ ಬೂದುಬಣ್ಣಕ್ಕೆ ನಿಲ್ಲುತ್ತದೆ. ಅಚ್ಚಿನ ಮಣ್ಣಿಗೆ ಔಡಲೆಣ್ಣೆ, ರಾಳ ಬೆರೆಸಿರುತ್ತಾರೆ. ಅದರಲ್ಲಿ ತೇವ ಉಳಿದರೆ ಹಬೆ ಎದ್ದು ಎರಕದ ಮೈತುಂಬ ಸಣ್ಣ ತೂತು. ಅಂಥ ತೂತಿನ ಮೇಲೆ ಬೆಳ್ಳಿ ನಿಲ್ಲುವುದಿಲ್ಲ.

ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಮೈ ಕಪ್ಪಾಗುತ್ತದೆ. ನೋಡಲು ಬಂದವರು ಬಹಳ ಮಂದಿ ಇದನ್ನೇ ಬಿದ್ರಿಯ ಕಪ್ಪು ಅಂದುಕೊಳ್ಳುತ್ತಾರೆ. ಅಲ್ಲ. ಇದು ಮೊನೆಯಿಂದ ಗೀಚಿದ ನಕ್ಷೆ ಕಣ್ಣಿಗೆ ಕಾಣಲಿ ಅಂತ ಹಾಕುವ ತಾತ್ಕಾಲಿಕ ಬಣ್ಣ, ಮುಂದೆ ತಿಕ್ಕಿದಾಗ ಹೋಗುತ್ತದೆ. ನಂತರ ವಸ್ತುವನ್ನು ಮೇಣ, ರಾಳದಿಂದ ಕಲ್ಲಿಗೆ ಅಂಟಿಸಿ, ಅಲುಗದಂತೆ ಕೂರಿಸಿ ಉಳಿಯಿಂದ ಕೆತ್ತುತ್ತಾರೆ. ಇಲ್ಲೇ ಕಸುಬಿನ ಜೀವ ಇರುವುದು. ಗೆರೆಯ ಬಾಯಿ ಕಿರಿದಾಗಿ ತಳ ಅಗಲವಾಗಿರಬೇಕು. ಶುದ್ಧ ಬೆಳ್ಳಿಯ ತಂತಿಯನ್ನು ಅದರೊಳಗೆ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿದಾಗ ಬೆಳ್ಳಿ ಒಳಗೇ ಹರಡಿ ಕಚ್ಚಿಕೊಳ್ಳುತ್ತದೆ. ಗೋಡೆ ನೆಟ್ಟಗಿದ್ದರೆ ತಂತಿ ಇಂದಲ್ಲ ನಾಳೆ ಎದ್ದು ಬರುತ್ತದೆ. ಮುನ್ನೂರು ವರ್ಷದ ಹಿಂದಿನ ಗಸಗಸೆ ಗಿಡದ ಎಸಳೊಂದು ಇವತ್ತಿಗೂ ಕಿತ್ತುಬಂದಿಲ್ಲ ಅಂದರೆ ಆ ಗೆರೆಯ ತಳ ಕೆತ್ತಿದ ಕೈಯನ್ನು ನೆನೆಯಬೇಕು. ಆ ಕೈಗೊಂದು ಹೆಸರಿತ್ತು. ನಾವು ಬರೆದಿಡಲಿಲ್ಲ.

ಇನ್ನು ಕೊನೆಯ ಕಪ್ಪು ಕೊಡುವ ಮಣ್ಣು. ಅಹಮದ್ ಶಾ ಬಹಮನಿಯ ಕಾಲದಲ್ಲಿ ಇರಾನಿನಿಂದ ಒಬ್ಬ ಕುಶಲಕರ್ಮಿ ಬಂದ, ಅವನೇ ಕೋಟೆಯ ಮಣ್ಣಿನ ಗುಣ ಕಂಡುಹಿಡಿದ ಅಂತ ಹೇಳಿಕೆ ಇದೆ. ಬಳಸುವುದು ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ತಾಗದ ಮಣ್ಣು. ಕಸುಬುದಾರರು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಇದರಲ್ಲಿ ಮಾಟವಿಲ್ಲ. ಮಳೆ ತೊಳೆಯದ ಕಡೆ ಪೆಟ್ಲುಪ್ಪಿನ ಜಾತಿಯ ಲವಣಗಳು ಮಣ್ಣಲ್ಲೇ ಉಳಿಯುತ್ತವೆ. ನಾಲಿಗೆ ಹುಡುಕುವುದು ಅವನ್ನು. ಆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ, ಬೆಚ್ಚಗೆ ಮಾಡಿದ ವಸ್ತುವಿಗೆ ಹಚ್ಚಿ ತಿಕ್ಕುತ್ತಾರೆ. ಮೇಲ್ಪದರದ ಸತು ಕರಗಿ ಹೋಗುತ್ತದೆ, ಉಳಿದ ತಾಮ್ರ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಇರುತ್ತದೆ. ಬೆಳ್ಳಿ ಶುದ್ಧವಿರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಮೈಮೇಲೆ ಬೆರಳಿನ ಜಿಡ್ಡು ಉಳಿದಿದ್ದರೆ ಅಲ್ಲಿ ಕಲೆ. ಕಡೆಗೆ ಎಣ್ಣೆಯ ಬಟ್ಟೆಯಿಂದ ಒರೆಸಿದಾಗ ಕಪ್ಪು ಗಾಢವಾಗುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬೆಳ್ಳಿ ಕೂರಿಸುವ ಬಗೆಗಳಾದ ತಾರ್‌ಕಶಿ, ತೆಹನಿಶಾನ್, ಅಫ್ತಾಬಿ ಇವುಗಳ ವ್ಯತ್ಯಾಸ ವಿವರವಾಗಿ ಹೇಳಬೇಕೆಂದಿದ್ದೆ. ಚುಟುಕಾಗಿ: ಮೊದಲನೆಯದು ತಂತಿ, ಎರಡನೆಯದು ಆಳವಾಗಿ ಕೆತ್ತಿ ಕೂರಿಸಿದ ತಗಡು, ಮೂರನೆಯದರಲ್ಲಿ ಹಿನ್ನೆಲೆಯೇ ಬೆಳ್ಳಿ, ಚಿತ್ತಾರ ಕಪ್ಪು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪನ್ನು ಮರೆಯದೆ ನೋಡ್ರಿ.

ಆದರೆ ಹೆಸರಿನ ಮಾತು ಹೇಳದೆ ಕೂರಲಾರೆ. ಊರಿನ ಹೆಸರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆ. ಎರಕ ಹೊಯ್ದವರು, ಅರ ಹಾಕಿದವರು, ಕೆತ್ತಿದವರು, ಬೆಳ್ಳಿ ಬಡಿದವರು, ಕಪ್ಪು ಕೊಟ್ಟವರು, ಇವರೆಲ್ಲರ ಹೆಸರೂ ಪ್ರತಿ ವಸ್ತುವಿನ ಬುಡದಲ್ಲಿ ಬರಲಿ. ಖರ್ಚೇನೂ ಹೆಚ್ಚಿಲ್ಲ. ಕಪ್ಪು ಹಾಕುವ ಮೊದಲೇ ಕೆತ್ತಬೇಕು, ಅಷ್ಟೆ. ಆಮೇಲೆ ಕೆತ್ತಿದರೆ ಬಿಳಿ ಗೀರು ಎದ್ದು ಕಾಣುತ್ತದೆ. ಕೊಳ್ಳುವವರು ಕೇಳಿದರೆ ಮಾಡುವವರು ಹಾಕಿಯೇ ಹಾಕುತ್ತಾರೆ. ನಾಳೆ ಬೀದರ್‌ನ ಚೌಬಾರಾ ಗೋಪುರದ ಸುತ್ತಿನ ಓಣಿಗಳಲ್ಲಿ ನೀವೇ ಮೊದಲು ಕೇಳ್ರಿ.

ಕೊಂಡು ತಂದದ್ದನ್ನು ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬ್ಯಾಡ್ರಿ, ಹುಳಿ ಆ ಕಪ್ಪನ್ನು ತಿಂದುಬಿಡುತ್ತದೆ. ಮಂಕಾದರೆ ಒಣ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.