ಎಲ್ಲರಿಗೂ ಸ್ವಾಗತ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ ಆಗಾಗ ಒಂದು ಹಾಳೆ ಅಂಟಿಸಿರುತ್ತಾರೆ. ಇಂಥ ದಿನ, ಸಂಜೆ ಐದೂವರೆಗೆ, ಇಂಥವರಿಂದ ಉಪನ್ಯಾಸ. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಎರಡು ಪದ ಇರುತ್ತವೆ: ಎಲ್ಲರಿಗೂ ಸ್ವಾಗತ. ಇವತ್ತು ನನಗೆ ಮಾತಾಡಬೇಕಾಗಿರುವುದು ಆ ಎರಡು ಪದಗಳ ಬಗ್ಗೆ.

ಎಷ್ಟೋ ಜನ ಅದೇ ಗೇಟಿನ ಮುಂದೆ ವರ್ಷಗಟ್ಟಲೆ ಓಡಾಡುತ್ತಾರೆ, ಒಳಗೆ ಕಾಲಿಡುವುದಿಲ್ಲ. ನಾವು ಅಲ್ಲಿ ಓದುವವರೂ ಅಲ್ಲ, ಪಾಠ ಹೇಳುವವರೂ ಅಲ್ಲ, ನಮಗೇನು ಕೆಲಸ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಹೋದಾಗ ಸಭಾಂಗಣದ ಬಾಗಿಲಲ್ಲೇ ನಿಂತೆ. ಗುರುತಿನ ಚೀಟಿ ತೋರಿಸಿ ಅಂತಾರೇನೋ ಎಂಬ ಅಳುಕು. ಯಾರೂ ಕೇಳಲಿಲ್ಲ. ಒಬ್ಬ ಹುಡುಗಿ ಹತ್ತಿರ ಬಂದು, "ಹಿಂದಿನ ಸಾಲಿನಲ್ಲಿ ಜಾಗ ಇದೆ, ಕೂತ್ಕೊಳ್ಳಿ" ಅಂದಳು. ಹೋಗಿ ಕೂತೆ.

ಅವತ್ತಿನ ವಿಷಯ ನಕ್ಷತ್ರಗಳು. ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರ ಬಂತು. ಇದು ಇಷ್ಟು ಜ್ಯೋತಿರ್ವರ್ಷ ದೂರ, ಅದು ಅಷ್ಟು ಜ್ಯೋತಿರ್ವರ್ಷ ದೂರ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ಮುಕ್ಕಾಲು ಗಂಟೆ ಆದ ಮೇಲೆ, ಯಾರಾದರೂ ಪ್ರಶ್ನೆ ಕೇಳಬಹುದು ಅಂದರು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು ಎದ್ದು ನಿಂತರು. "ಅಲ್ಲಿಗೆ ಯಾರೂ ಹೋಗಿಲ್ಲ. ಹಗ್ಗ ಹಿಡಿದು ಅಳೆದಿಲ್ಲ. ಅಷ್ಟು ದೂರ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದರು.

ಭಾಷಣಕಾರರು ಮೈಕ್ ಬಿಟ್ಟು ವೇದಿಕೆಯ ಅಂಚಿಗೆ ಬಂದರು. "ಎಲ್ಲರೂ ಒಂದು ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ ಬೆರಳನ್ನು ನೋಡಿ. ಈಗ ಅದನ್ನು ತೆರೆದು ಇನ್ನೊಂದು ಕಣ್ಣು ಮುಚ್ಚಿ" ಅಂದರು. ರೇಡಿಯೋ ಮುಂದೆ ಕೂತಿರುವ ನೀವೂ ಮಾಡಿ ನೋಡಿ. ಗಾಡಿ ಓಡಿಸುತ್ತಿರುವವರು ಮಾತ್ರ ಮನೆಗೆ ಹೋದ ಮೇಲೆ ಮಾಡಿ. ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿದ ಹಾಗೆ ಕಾಣುತ್ತದೆ, ಅಲ್ವಾ? ಬೆರಳನ್ನು ಮೂಗಿನ ಹತ್ತಿರ ತಂದರೆ ಜಿಗಿತ ಜಾಸ್ತಿ. ದೂರ ಹಿಡಿದರೆ ಕಡಿಮೆ. ಎರಡು ಕಣ್ಣುಗಳ ನಡುವಿನ ಅಂತರ ಗೊತ್ತಿದ್ದು, ಆ ಜಿಗಿತವನ್ನು ಅಳೆದರೆ, ಬೆರಳು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕಬಹುದು. ಭೂಮಿ ಜನವರಿಯಲ್ಲಿ ಸೂರ್ಯನ ಒಂದು ಕಡೆ ಇದ್ದರೆ ಜುಲೈನಲ್ಲಿ ಎದುರು ಕಡೆ ಇರುತ್ತದೆ. ಆ ಎರಡು ಜಾಗಗಳೇ ನಮ್ಮ ಎರಡು ಕಣ್ಣು, ನಕ್ಷತ್ರವೇ ಹೆಬ್ಬೆರಳು. 1838ರಲ್ಲಿ ಬೆಸೆಲ್ ಎಂಬ ಜರ್ಮನ್ ಖಗೋಳ ವಿಜ್ಞಾನಿ ಒಂದು ನಕ್ಷತ್ರದ ದೂರವನ್ನು ಕಂಡುಹಿಡಿದದ್ದು ಇದೇ ದಾರಿಯಲ್ಲಿ.

ಇಡೀ ಸಭಾಂಗಣ ಕೈ ಚಾಚಿ, ಒಂದು ಕಣ್ಣು ಮುಚ್ಚಿ ಕೂತಿತ್ತು. ಪ್ರೊಫೆಸರ್‌ಗಳು, ವಿದ್ಯಾರ್ಥಿಗಳು, ಆ ಅಮ್ಮ, ನಾನು. ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ, "ಪರೀಕ್ಷೆಗೆ ಇದನ್ನೇ ಬರೆದಿದ್ದೆ, ಅರ್ಥ ಆಗಿದ್ದು ಈಗ" ಅಂತ ಮೆಲ್ಲಗೆ ಹೇಳಿದ. ತರಗತಿಯಲ್ಲಿ ಅವನು ಆ ಪ್ರಶ್ನೆ ಕೇಳಿರಲಾರ. ಇಷ್ಟೂ ಗೊತ್ತಿಲ್ವಾ ಅಂತಾರೆ ಎನ್ನುವ ಸಂಕೋಚ ಇರುತ್ತದೆ. ಆ ಅಮ್ಮನಿಗೆ ಅಂಥ ಹಂಗು ಇರಲಿಲ್ಲ. ಸಾರ್ವಜನಿಕ ಉಪನ್ಯಾಸ ಅಂದರೆ ವಿಶ್ವವಿದ್ಯಾಲಯ ಊರಿಗೆ ಮಾಡುವ ಉಪಕಾರ ಅಂತ ಜನ ಹೇಳುತ್ತಾರೆ. ಹೊರಗಿನವರು ಬಂದು ಕೂತರೆ ಒಳಗಿನವರಿಗೂ ಅಷ್ಟೇ ಉಪಕಾರ ಆಗುತ್ತದೆ ಅಂತ ಅವತ್ತಿನಿಂದ ನಾನು ನಂಬಿದ್ದೇನೆ.

ಈ ಬಾಗಿಲು ತೆರೆದದ್ದು ಇತ್ತೀಚೆಗೇನಲ್ಲ. ಪ್ಯಾರಿಸ್ಸಿನಲ್ಲಿ ಕೊಲೇಜ್ ದ ಫ್ರಾನ್ಸ್ ಅಂತ ಒಂದು ಸಂಸ್ಥೆ ಇದೆ. 1530ರಲ್ಲಿ ಶುರುವಾದದ್ದು. ಅಲ್ಲಿ ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ. ಹೆಸರು ನೋಂದಾಯಿಸಬೇಕಾಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ. ದೊಡ್ಡ ದೊಡ್ಡ ವಿದ್ವಾಂಸರು ತಮ್ಮ ಸಂಶೋಧನೆಯ ಬಗ್ಗೆ ಮಾತಾಡುತ್ತಾರೆ, ಬಂದವರು ಕೂತು ಕೇಳುತ್ತಾರೆ. 1970ರ ದಶಕದಲ್ಲಿ ಅಲ್ಲಿ ಫ್ರೆಂಚ್ ತತ್ವಜ್ಞಾನಿ ಮಿಷೆಲ್ ಫುಕೋ ಮಾತಾಡುತ್ತಿದ್ದಾಗ ಜನ ಕಿಕ್ಕಿರಿದು ಸೇರುತ್ತಿದ್ದರು. ಕೇಳಲು ಬಂದವರು ತಂದ ಕ್ಯಾಸೆಟ್ ರೆಕಾರ್ಡರುಗಳು ಅವರ ಮೇಜಿನ ಮೇಲೆ ಗುಂಪಾಗಿ ಕೂತಿರುತ್ತಿದ್ದವು. ಅವರು ತೀರಿಕೊಂಡ ಮೇಲೆ ಆ ಉಪನ್ಯಾಸಗಳು ಪುಸ್ತಕವಾಗಿ ಬಂದವು, ಬಹುಪಾಲು ಕೇಳುಗರ ಕ್ಯಾಸೆಟ್‌ಗಳಿಂದಲೇ. ಆದರೆ ಫುಕೋ ಅವರಿಗೆ ಒಂದು ಬೇಸರ ಇತ್ತು. ಅಷ್ಟು ಜನ ಕೂತಿದ್ದರೂ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಮಾತು ಮುಗಿದ ಮೇಲೆ ತಾನು ಒಂಟಿ ಅನ್ನಿಸುತ್ತದೆ ಅಂತ ಅವರೇ ಹೇಳಿಕೊಂಡಿದ್ದರು. ಇದನ್ನು ಓದಿದಾಗ ನನಗೆ ಆ ಅಮ್ಮ ನೆನಪಾದರು.

ಸ್ಕಾಟ್ಲೆಂಡಿನಲ್ಲಿ ಆಡಂ ಗಿಫರ್ಡ್ ಎಂಬ ನ್ಯಾಯಾಧೀಶರಿದ್ದರು. ಅವರು ಉಯಿಲಿನಲ್ಲಿ ನಾಲ್ಕು ವಿಶ್ವವಿದ್ಯಾಲಯಗಳಿಗೆ ಉಪನ್ಯಾಸ ನಡೆಸಲು ಹಣ ಬಿಟ್ಟು, ಈ ಉಪನ್ಯಾಸಗಳು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಊರಿನ ಎಲ್ಲರಿಗೂ ತೆರೆದಿರಬೇಕು ಅಂತ ಬರೆದಿಟ್ಟರು. 1888ರಿಂದ ಅವು ನಡೆದುಕೊಂಡು ಬಂದಿವೆ.

ಇನ್ನೊಂದು ಪ್ರಸಂಗ ನನಗೆ ತುಂಬಾ ಇಷ್ಟ. 1943ರ ಫೆಬ್ರವರಿ. ಯೂರೋಪಿನಲ್ಲಿ ಯುದ್ಧ ನಡೆಯುತ್ತಿದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಸಾರ್ವಜನಿಕರ ಮುಂದೆ ನಿಂತರು. ಆಯ್ದುಕೊಂಡ ವಿಷಯ ಜೀವ ಎಂದರೇನು ಅಂತ. ಅದು ಅವರ ವಿಷಯವೇ ಅಲ್ಲ. ಗಣಿತ ಹೆಚ್ಚು ಬಳಸುವುದಿಲ್ಲ, ಹಾಗಂತ ಸುಲಭವೂ ಅಲ್ಲ ಅಂತ ಮೊದಲೇ ಎಚ್ಚರಿಸಿದ್ದರು. ಸುಮಾರು 400 ಜನ ಬಂದರು, ಕೊನೆಯವರೆಗೂ ಆ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಮರುವರ್ಷ ಆ ಮಾತು ಪುಸ್ತಕವಾಯಿತು. 1953ರಲ್ಲಿ ಡಿಎನ್‌ಎ ರಚನೆಯನ್ನು ಬಿಡಿಸಿದ ವಾಟ್ಸನ್ ಮತ್ತು ಕ್ರಿಕ್ ಇಬ್ಬರೂ ಆ ಪುಸ್ತಕದ ಪ್ರಭಾವವನ್ನು ನೆನೆದಿದ್ದಾರೆ. ಸಾಮಾನ್ಯ ಕೇಳುಗರ ಮುಂದೆ ನಿಂತಾಗ ವಿದ್ವಾಂಸರಿಗೆ ತಮ್ಮ ವಿಭಾಗದ ಬೇಲಿ ದಾಟುವ ಧೈರ್ಯ ಬರುತ್ತದೆ ಅಂತ ನನಗನ್ನಿಸುತ್ತದೆ.

ಕವಿತೆ ವಾಚನಕ್ಕೂ ಹೋಗಿ. 1967ರಲ್ಲಿ ಅರ್ಜೆಂಟೀನಾದ ಕವಿ, ಕಥೆಗಾರ ಬೋರ್ಹೆಸ್ ಹಾರ್ವರ್ಡ್‌ನಲ್ಲಿ ಕಾವ್ಯದ ಬಗ್ಗೆ ಮಾತಾಡಿದಾಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ನೆನಪಿನಿಂದಲೇ ಸಾಲುಗಳನ್ನು ಹೇಳಿದರು. ಪುಟದಲ್ಲಿ ನಾವು ಸುಮ್ನೆ ದಾಟಿಬಿಡುವ ಜಾಗದಲ್ಲಿ ಕವಿ ಉಸಿರು ಹಿಡಿದು ನಿಲ್ಲುತ್ತಾರೆ. ಒಮ್ಮೆ ಅದನ್ನು ಕೇಳಿದರೆ ಆಮೇಲೆ ಆ ಸಾಲನ್ನು ಬೇರೆ ಥರ ಓದಲು ಆಗುವುದಿಲ್ಲ.

ಎಲ್ಲರಿಗೂ ಸ್ವಾಗತ ಅಂತ ಬರೆಯುವುದು ಸುಲಭ, ನಡೆಸುವುದು ಕಷ್ಟ. ಹಾಳೆಯನ್ನು ಗೇಟಿನ ಒಳಗೆ ಅಂಟಿಸಿದರೆ ಹೊರಗಿನವರಿಗೆ ಕಾಣುವುದು ಹೇಗೆ? ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ದುಡಿಯುವವರು ಬರುವುದು ಹೇಗೆ? ಒಂದು ಕಡೆ ನಾನೇ ಕಂಡಿದ್ದೇನೆ. ಸ್ವಾಗತ, ಪರಿಚಯ, ಅಧ್ಯಕ್ಷರ ಮಾತು ಅಂತ ಒಂದು ಗಂಟೆ ಹೋಯಿತು. ಕೊನೆಗೆ, ಸಮಯ ಆಯಿತು, ಪ್ರಶ್ನೆಗೆ ಅವಕಾಶ ಇಲ್ಲ ಅಂದರು. ಒಬ್ಬರು ಅರ್ಧ ಎತ್ತಿದ್ದ ಕೈಯನ್ನು ಹಾಗೇ ಇಳಿಸಿದರು. ಅವರು ಏನು ಕೇಳಬೇಕೆಂದಿದ್ದರೋ. ನನಗೆ ಇವತ್ತಿಗೂ ಆ ಕೈ ಕಣ್ಣಿಗೆ ಕಟ್ಟಿದಂತಿದೆ.

ವಿಶ್ವವಿದ್ಯಾಲಯಗಳಲ್ಲಿ ಇಂಥ ಸಂಜೆಗಳನ್ನು ಏರ್ಪಡಿಸುವವರು ಯಾರಾದರೂ ಈಗ ಕೇಳುತ್ತಿದ್ದರೆ, ಪರಿಚಯದ ಮಾತನ್ನು ಐದು ನಿಮಿಷಕ್ಕೆ ಮುಗಿಸಿ. ಪ್ರಶ್ನೆಗೆ ಅರ್ಧ ಗಂಟೆ ಬಿಡಿ. ಬಾಗಿಲ ಹತ್ತಿರ ಯಾರನ್ನಾದರೂ ನಿಲ್ಲಿಸಿ, ಹಿಂಜರಿಯುತ್ತಾ ಬಂದವರನ್ನು ಒಳಗೆ ಕರೆಯಲಿ.

ಉಳಿದವರಿಗೆ ನಾನು ಹೇಳುವುದು, ಆ ಹುಡುಗಿ ನನಗೆ ಹೇಳಿದ್ದನ್ನೇ. ಹಿಂದಿನ ಸಾಲಿನಲ್ಲಿ ಜಾಗ ಇದೆ, ಹೋಗಿ ಕೂತ್ಕೊಳ್ಳಿ.

ನಮಸ್ಕಾರ.