ಸೆನ್ಸರ್‌ಗೆ ಸ್ಕ್ರ್ಯಾಪ್ ಸುರಿಯೋಕೆ ಮುಂಚೆ ಎನಿಮಿ ಗನ್ ಕಡೆ ನೋಡಿ

ಎಫ್‌ಟಿಎಲ್ ಅನ್ನೋ ಸ್ಪೇಸ್‌ಶಿಪ್ ಕಾಳಗದ ಗೇಮ್ ಆಡೋರಲ್ಲಿ ಹೆಚ್ಚಿನವರ ಕಣ್ಣು ಸ್ಕ್ರೀನಿನ ಎಡಗಡೆಯೇ ಅಂಟಿಕೊಂಡಿರುತ್ತೆ. ನಮ್ಮ ಶಿಪ್ಪು, ನಮ್ಮ ಕ್ರೂ, ನಮ್ಮ ಬೆಂಕಿ, ನಮ್ಮ ಗೋಳು. ಬಲಗಡೆ ನಿಂತಿರೋ ಎನಿಮಿ ಶಿಪ್ ಕಡೆ ತಿರುಗೋದು ಟಾರ್ಗೆಟ್ ಇಡೋವಾಗ ಮಾತ್ರ. ಆದರೆ ನಿಮ್ಮನ್ನ ಉಳಿಸೋ ಸುದ್ದಿ ಇರೋದು ಆ ಬಲಗಡೆಯಲ್ಲೇ, ಅದೂ ಪುಕ್ಕಟೆ. ಅದನ್ನ ನೋಡದೆ ಸೆನ್ಸರ್ (ಶಿಪ್‌ಗಳ ಒಳಗಿನದನ್ನ ತೋರಿಸೋ ಸಿಸ್ಟಮ್) ಅಪ್‌ಗ್ರೇಡಿಗೆ ಸ್ಕ್ರ್ಯಾಪ್, ಅಂದರೆ ಗೇಮಿನ ದುಡ್ಡು, ಸುರಿಯೋದು ದಂಡ. ಇವತ್ತಿನ ನನ್ನ ವಾದ ಇಷ್ಟೇ.

ಗೇಮ್ ಗೊತ್ತಿಲ್ಲದವರಿಗೆ ಚುಟುಕಾಗಿ: ಎಫ್‌ಟಿಎಲ್ ಅಂದರೆ ಫಾಸ್ಟರ್ ದ್ಯಾನ್ ಲೈಟ್, 2012ರ ಸೆಪ್ಟೆಂಬರ್‌ನಲ್ಲಿ ಬಂದಿದ್ದು. ಮಾಡಿದ್ದು ಸಬ್‌ಸೆಟ್ ಗೇಮ್ಸ್, ಅಂದರೆ ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಅನ್ನೋ ಇಬ್ಬರು. ಜನರಿಂದ ದುಡ್ಡು ಎತ್ತೋ ಕಿಕ್‌ಸ್ಟಾರ್ಟರಲ್ಲಿ 10,000 ಡಾಲರ್ ಕೇಳಿದ್ರು, 2 ಲಕ್ಷಕ್ಕೂ ಮೇಲೆ ಬಂತು. 2014ರಲ್ಲಿ ಅಡ್ವಾನ್ಸ್ಡ್ ಎಡಿಷನ್ ಅಂತ ದೊಡ್ಡ ಅಪ್‌ಡೇಟ್, ಅದೂ ಫ್ರೀ. ಎಂಟು ಸೆಕ್ಟರ್ ದಾಟಬೇಕು, ಹಿಂದೆ ರೆಬೆಲ್ ಫ್ಲೀಟ್ ಅಟ್ಟಿಸಿಕೊಂಡು ಬರ್ತಿರುತ್ತೆ, ಕೊನೆಗೆ ಅವರ ದೊಡ್ಡ ಶಿಪ್ಪು ಫ್ಲ್ಯಾಗ್‌ಶಿಪ್ ಜೊತೆ ಕಾಳಗ. ಸತ್ತರೆ ಮೊದಲಿಂದ ಶುರು.

ಈ ಗೇಮಿನಲ್ಲಿ ಶಿಪ್‌ಗಳು ಅಲ್ಲಾಡಲ್ಲ, ಗಮನಿಸಿದೀರಾ? ಎರಡೂ ಇದ್ದ ಜಾಗದಲ್ಲೇ ಚಿತ್ರದ ಹಾಗೆ ನಿಂತಿರುತ್ತೆ. ದೊಡ್ಡ ತ್ರೀಡಿ ಗೇಮ್‌ಗಳಲ್ಲಿ ಎಲ್ಲವೂ ಹಾರಾಡ್ತಿರುತ್ತೆ, ಅದರಲ್ಲಿ ಯಾವ ಚಲನೆ ಮುಖ್ಯ ಅಂತ ಗೊತ್ತಾಗಲ್ಲ. ಇಲ್ಲಿ ಹಿನ್ನೆಲೆ ಸ್ಥಿರ, ಶಿಪ್ ಸ್ಥಿರ, ಹಾಗಾಗಿ ಅಲ್ಲಾಡೋದೆಲ್ಲ ಸುದ್ದಿ.

ಈಗ ಎನಿಮಿ ವೆಪನ್‌ಗೆ ಬರೋಣ. ಫೈಟ್ ಶುರುವಾದ ತಕ್ಷಣ ಸ್ಪೇಸ್‌ಬಾರ್ ಒತ್ತಿ ಗೇಮನ್ನ ಪಾಸ್ ಮಾಡಿ, ಅಂದರೆ ಇದ್ದಲ್ಲೇ ತಡೆದು ನಿಲ್ಲಿಸಿ. ಎನಿಮಿ ಶಿಪ್ಪಿನ ಅಂಚಲ್ಲಿ ಗನ್‌ಗಳು ಕೂತಿರುತ್ತೆ. ಪವರ್ ಇಲ್ಲದ ಗನ್ ಒಳಕ್ಕೆ ಸರಿದಿರುತ್ತೆ, ಪವರ್ ಬಂದಾಗ ಹೊರಕ್ಕೆ ಜಾರುತ್ತೆ. ನೀವು ಎನಿಮಿಯ ವೆಪನ್ ರೂಮಿಗೆ ಹೊಡೆದಾಗ ಯಾವ ಗನ್ ಒಳಗೆ ಸರಿಯಿತು ನೋಡಿ, ಯಾವುದು ಆಫ್ ಆಯ್ತು ಅಂತ ಆಗಲೇ ತಿಳಿಯುತ್ತೆ. ಹೊರಗೆ ಬಂದ ಗನ್ ಚಾರ್ಜ್ ಆಗ್ತಾ ಹೋದ ಹಾಗೆ ಅದರ ಚಿತ್ರ ಫ್ರೇಮ್ ಫ್ರೇಮಾಗಿ ಮುಂದೆ ಹೋಗುತ್ತೆ: ಬಿಡಿಭಾಗ ತೆರೆಯುತ್ತೆ, ದೀಪ ಏರುತ್ತೆ. ಕೊನೆ ಫ್ರೇಮಿಗೆ ಬಂತು ಅಂದರೆ ಫುಲ್ ಚಾರ್ಜ್. ನಾವಾದರೆ ವಾಲಿ ಕಟ್ಟೋಕೆ, ಅಂದರೆ ಎಲ್ಲ ಗುಂಡೂ ಒಟ್ಟಿಗೆ ಬಿಡೋಕೆ, ಗನ್ ತಡೆದು ಇಟ್ಕೋತೀವಿ. ಎನಿಮಿ ಸಾಮಾನ್ಯವಾಗಿ ಕಾಯಲ್ಲ, ಚಾರ್ಜ್ ಆದ ತಕ್ಷಣ ಹೊಡೆಯುತ್ತೆ. ಹಾಗಾಗಿ ಕೊನೆ ಫ್ರೇಮ್ ಅಂದರೆ ಗುಂಡು ಬಂತು ಅಂತಲೇ ಲೆಕ್ಕ. ಬ್ಯಾಟ್ಸ್‌ಮನ್ ಸ್ಕೋರ್‌ಬೋರ್ಡ್ ನೋಡಲ್ಲ, ಬೌಲರ್ ಕೈ ನೋಡ್ತಾನೆ, ಅಲ್ವಾ?

ಇದೇ ಚಾರ್ಜ್ ಮಾಹಿತಿಯನ್ನ ಬಾರ್ ರೂಪದಲ್ಲಿ ತೋರಿಸೋಕೆ ಸೆನ್ಸರ್ ಲೆವೆಲ್ 3 ಬೇಕು. ಲೆವೆಲ್ 2 ನಾನು ಬೇಡ ಅನ್ನಲ್ಲ. ಅದು ಎನಿಮಿ ಶಿಪ್ಪಿನ ಒಳಗೆ ಯಾರಿದಾರೆ ಅಂತ ತೋರಿಸುತ್ತೆ, ಟೆಲಿಪೋರ್ಟರ್ ಇಟ್ಟುಕೊಂಡು ಬೋರ್ಡಿಂಗ್ ಮಾಡೋರಿಗೆ (ತಮ್ಮ ಕ್ರೂವನ್ನ ಎನಿಮಿ ಶಿಪ್ಪಿನೊಳಗೆ ಇಳಿಸೋರಿಗೆ) ಅದು ಬೇಕೇ ಬೇಕು. ಆದರೆ ಬರೀ ಬಾರ್ ನೋಡೋ ಆಸೆಗೆ ಲೆವೆಲ್ 3 ತಗೊಳ್ಳೋ ಬದಲು ಆ ಸ್ಕ್ರ್ಯಾಪ್ ಇಂಜಿನ್‌ಗೋ ಶೀಲ್ಡ್‌ಗೋ ಹಾಕಿ. ಇನ್ನೊಂದು ಮಜಾ: ನೆಬ್ಯುಲಾ ಅನ್ನೋ ಬಾಹ್ಯಾಕಾಶದ ಮೋಡದ ಒಳಗೆ ಸೆನ್ಸರ್ ಕೆಲಸವೇ ಮಾಡಲ್ಲ, ನೀವು ದುಡ್ಡು ಕೊಟ್ಟ ಬಾರ್ ಅಲ್ಲಿ ಮಾಯ. ಗನ್ ಕೂತಿರೋದು ಶಿಪ್ಪಿನ ಹೊರಗೆ. ಅದನ್ನ ಯಾವ ಮೋಡವೂ ಮುಚ್ಚಲ್ಲ.

ನೋಡಿದ್ದಾಯ್ತು, ಉಪಯೋಗ ಏನು? ಕ್ಲೋಕಿಂಗ್, ಅಂದರೆ ಶಿಪ್ಪನ್ನ ಸ್ವಲ್ಪ ಹೊತ್ತು ಮರೆಮಾಡೋ ಸಿಸ್ಟಮ್. ಲೆವೆಲ್ 1ಕ್ಕೆ 5 ಸೆಕೆಂಡ್, 2ಕ್ಕೆ 10, 3ಕ್ಕೆ 15. ಅಷ್ಟು ಹೊತ್ತು ನಿಮ್ಮ ಇವೇಶನ್‌ಗೆ (ಗುಂಡು ತಪ್ಪಿಸ್ಕೊಳ್ಳೋ ಶೇಕಡಾವಾರು ಸಾಧ್ಯತೆಗೆ) 60 ಪಾಯಿಂಟ್ ಸೇರುತ್ತೆ, ಎನಿಮಿ ಗನ್ ಚಾರ್ಜ್ ಆಗೋದೂ ನಿಂತು ಹೋಗುತ್ತೆ. ಹೆಚ್ಚಿನವರು ಹೆದರಿಕೊಂಡು ಮುಂಚೆಯೇ ಒತ್ತಿಬಿಡ್ತಾರೆ. ಆಗ ಚಾರ್ಜ್ ತಡವಾಗುತ್ತೆ ಅಷ್ಟೇ, ಗುಂಡು ಆಮೇಲೆ ಬಂದೇ ಬರುತ್ತೆ. ಒತ್ತಬೇಕಾದ ಗಳಿಗೆ ಬೇರೆ. ಗುಂಡು ಎನಿಮಿ ಗನ್ ಬಿಟ್ಟು ಬಲಗಡೆ ಕಿಟಕಿಯಿಂದ ಆಚೆ ಹೋಗಿ, ನಿಮ್ಮ ಕಡೆ ಬಂದು ತಗಲೋ ಮಧ್ಯೆ ಚೂರು ಸಮಯ ಇದೆ. ಇವೇಶನ್ ಲೆಕ್ಕ ಆಗೋದು ಗುಂಡು ಮುಟ್ಟೋವಾಗ, ಹಾರೋವಾಗ ಅಲ್ಲ. ಗನ್ ಹಿಂದಕ್ಕೆ ಒದ್ದ ಕೂಡಲೇ ಕ್ಲೋಕ್ ಹಾಕಿ. ನಿಮ್ಮ ಇವೇಶನ್ ಮೊದಲೇ 40 ಇದ್ದರೆ ಆ ಇಡೀ ವಾಲಿ ಗಾಳಿಪಾಲು. ಕ್ಲೋಕ್‌ನಲ್ಲಿದ್ದಾಗ ನೀವು ಮಾತ್ರ ಗನ್ ಹೊಡೀಬೇಡಿ, ಸ್ಟೆಲ್ತ್ ವೆಪನ್ಸ್ ಅನ್ನೋ ಆಗ್ಮೆಂಟ್ (ಶಿಪ್ಪಿಗೆ ಹಾಕೋ ಹೆಚ್ಚುವರಿ ಉಪಕರಣ) ಇಲ್ಲದಿದ್ದರೆ ಕ್ಲೋಕ್ ಸಮಯ ಕತ್ತರಿಸಿ ಹೋಗುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಬೀಮ್, ಅಂದರೆ ಶಿಪ್ಪಿನ ಮೇಲೆ ಗೆರೆ ಎಳೆದ ಹಾಗೆ ಸುಡೋ ಕಿರಣ, ಯಾವತ್ತೂ ಮಿಸ್ ಆಗಲ್ಲ. ಬೀಮ್ ಹೊರಟ ಮೇಲೆ ಕ್ಲೋಕ್ ಹಾಕಿ ಪ್ರಯೋಜನ ಇಲ್ಲ, ಅದನ್ನ ತಡೆಯೋದು ಶೀಲ್ಡ್ ಮಾತ್ರ. ಒಂದೊಂದು ಪದರಕ್ಕೆ ಒಂದೊಂದು ಡ್ಯಾಮೇಜ್ ಕಮ್ಮಿ. ಎನಿಮಿ ಹತ್ತಿರ ಲೇಸರ್, ಬೀಮ್ ಎರಡೂ ಇದ್ದರೆ ನೀವು ತಪ್ಪಿಸ್ಕೋಬೇಕಾದ್ದು ಲೇಸರನ್ನ. ಲೇಸರ್ ಮಿಸ್ ಆದರೆ ಶೀಲ್ಡ್ ಉಳಿಯುತ್ತೆ, ಶೀಲ್ಡ್ ಉಳಿದರೆ ಬೀಮ್ ಬಂದು ಸುಮ್ಮನೆ ಸವರಿ ಹೋಗುತ್ತೆ. ಅದಕ್ಕೇ ಎರಡು ಗನ್‌ನಲ್ಲಿ ಯಾವುದು ಮೊದಲು ಕೊನೆ ಫ್ರೇಮಿಗೆ ಬರ್ತಿದೆ ಅಂತ ಕಣ್ಣಿಡಿ.

ಇದೇ ಲೆಕ್ಕ ತಿರುಗಿಸಿದರೆ ಹೊಸಬರು ಮಾಡೋ ಅತಿ ದೊಡ್ಡ ಎಡವಟ್ಟು ಸಿಗುತ್ತೆ. ಬರ್ಸ್ಟ್ ಲೇಸರ್ 2, ಹಾಲ್ಬರ್ಡ್ ಬೀಮ್ ಎರಡನ್ನೂ ಒಟ್ಟಿಗೆ ಒತ್ತುತಾರೆ. ಲೇಸರ್ ಗುಂಡಿಗೆ ಹಾರಿ ಬರೋಕೆ ಸಮಯ ಬೇಕು, ಬೀಮ್‌ಗೆ ಬೇಡ. ಹಾಗಾಗಿ ಬೀಮ್ ಮೊದಲು ಮುಟ್ಟಿ ಇನ್ನೂ ತುಂಬಿರೋ ಶೀಲ್ಡಿಗೆ ಬಡಿದು ವ್ಯರ್ಥ, ಆಮೇಲೆ ಲೇಸರ್ ಬಂದು ಶೀಲ್ಡ್ ಇಳಿಸುತ್ತೆ, ಆಗ ನಿಮ್ಮ ಕೈಯಲ್ಲಿ ಏನೂ ಇಲ್ಲ. ಸರಿಯಾದ ದಾರಿ: ವೆಪನ್ ಆಟೋಫೈರ್ ಆಫ್ ಇಡಿ, ಲೇಸರ್ ಬಿಡಿ, ಎನಿಮಿಯ ಶೀಲ್ಡ್ ಗುಳ್ಳೆ ಒಡೆಯೋದನ್ನ ಕಣ್ಣಾರೆ ನೋಡಿ ಪಾಸ್ ಮಾಡಿ, ಆಮೇಲೆ ಬೀಮ್ ಎಳೆಯಿರಿ. ಒಂದು ಪದರ ಮತ್ತೆ ತುಂಬೋಕೆ ಹತ್ತಿರ ಹತ್ತಿರ 2 ಸೆಕೆಂಡ್ ಸಾಕು, ತಡ ಮಾಡಬೇಡಿ. ಗುಳ್ಳೆ ಹಸಿರಾಗಿದ್ದರೆ ಅದು ಜೋಲ್ಟನ್ ಶೀಲ್ಡ್. ಮಿಸೈಲ್ ಕೂಡ ಅದನ್ನ ದಾಟಲ್ಲ, ಮೊದಲು ಅದನ್ನ ಸವೆಸಬೇಕು.

ನಿಮ್ಮ ಶಿಪ್ಪಿನ ಒಳಗೆ ನೋಡಬೇಕಾದ್ದು ನೆಲದ ಬಣ್ಣ. ಆಕ್ಸಿಜನ್ ಇಳಿದ ಹಾಗೆ ರೂಮು ಗುಲಾಬಿ ಆಗ್ತಾ ಹೋಗುತ್ತೆ, ಶೇ. 5ಕ್ಕಿಂತ ಕೆಳಗೆ ಬಂದಾಗ ಕೆಂಪು ಪಟ್ಟೆ ಬೀಳುತ್ತೆ. ಪಟ್ಟೆ ಬಿದ್ದ ರೂಮಲ್ಲಿ ಕ್ರೂಗೆ ಉಸಿರು ಕಟ್ಟಿ ಹೆಲ್ತ್ ಇಳಿಯುತ್ತೆ, ಬರೀ ಗುಲಾಬಿ ಇದ್ದಾಗ ಇಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಬೆಂಕಿ ಆರಿಸೋದು ಸಲೀಸು: ಜನರನ್ನ ಆಚೆ ಕಳಿಸಿ, ಹೊರಬಾಗಿಲು ತೆಗೆಯಿರಿ, ಬೆಂಕಿ ನಂದಿದ ಕೂಡಲೇ ಮುಚ್ಚಿ. ಗಾಬರಿಯಲ್ಲಿ ಝಡ್ ಒತ್ತಿ ಎಲ್ಲ ಬಾಗಿಲೂ ತೆಗೆದಿದ್ದರೆ ಎಕ್ಸ್ ಒತ್ತಿದರೆ ಮುಚ್ಚಿಕೊಳ್ಳುತ್ತೆ. ಬೆಂಕಿ ಆರಿದ ಮೇಲೂ ಬಾಗಿಲು ಮುಚ್ಚಿದ ರೂಮು ಗುಲಾಬಿಯಾಗೇ ಉಳಿದಿದ್ದರೆ ನೆಲದಲ್ಲಿ ಬ್ರೀಚ್ ಇದೆಯಾ ಹುಡುಕಿ. ಕ್ರೂ ಮೇಲೆ ನಿಂತಿದ್ದರೆ ಆ ತೂತು ಅವರ ಕಾಲಡಿ ಮರೆಯಾಗಿ ಹೋಗುತ್ತೆ.

ಈ ಗೇಮ್ ಎಲ್ಲ ಕಡೆ ಗೆದ್ದಿದೆ ಅಂತ ಹೇಳೋಕಾಗಲ್ಲ. ಗುಲಾಬಿ, ಕೆಂಪು ಅಂತ ಬಣ್ಣದ ಮೇಲೇ ಇಷ್ಟೆಲ್ಲ ಹೊರೆ ಹಾಕಿದ್ದು ಬಣ್ಣಗುರುಡು ಇರೋರಿಗೆ ಕಷ್ಟ. ಆಪ್ಷನ್ಸಲ್ಲಿ ಅದಕ್ಕೊಂದು ಮೋಡ್ ಇದೆ, ಆನ್ ಮಾಡಿಕೊಳ್ಳಿ. ನೆಬ್ಯುಲಾದಲ್ಲಿ ಕ್ರೂ ಇಲ್ಲದ ನಿಮ್ಮದೇ ರೂಮು ಕತ್ತಲಾಗುತ್ತೆ, ಅಲ್ಲಿ ಬೆಂಕಿ ಬಿದ್ದರೂ ಕಾಣಲ್ಲ. ಶೀಲ್ಡ್, ವೆಪನ್, ಇಂಜಿನ್ ರೂಮಿಗೆ ಒಬ್ಬೊಬ್ಬರನ್ನ ನಿಲ್ಲಿಸಿ, ಅವರೇ ನಿಮ್ಮ ಕಣ್ಣು. ಇನ್ನು ಗೇಮ್ ಚಿತ್ರ ಬಿಡಿಸಿರೋದು 1280×720 ಅಳತೆಗೆ. ದೊಡ್ಡ ಸ್ಕ್ರೀನಿಗೆ ಹಿಗ್ಗಿಸಿದರೆ ಸಣ್ಣ ಫ್ರೇಮೆಲ್ಲ ಮಸುಕಾಗುತ್ತೆ, ಅದಕ್ಕಿಂತ ವಿಂಡೋದಲ್ಲೇ ಆಡಿ.

ಕೊನೆಯದು ಫ್ಲ್ಯಾಗ್‌ಶಿಪ್. ಮೊದಲ ಹಂತದಲ್ಲಿ ಪಾಸ್ ಮಾಡಿ ಅದರ ನಾಲ್ಕು ವೆಪನ್ ರೂಮುಗಳನ್ನ ನೋಡಿ. ಈಸಿ, ನಾರ್ಮಲ್ ಆಟದಲ್ಲಿ ಒಂದಕ್ಕೂ ಶಿಪ್ಪಿನ ಉಳಿದ ಭಾಗಕ್ಕೆ ಬಾಗಿಲಿಲ್ಲ. ಅಂದರೆ ಒಳಗೆ ಇರೋ ಒಬ್ಬನಿಗೆ ಸಹಾಯ ಬರೋಕೆ ದಾರಿನೇ ಇಲ್ಲ. ಟೆಲಿಪೋರ್ಟರ್ ಇದ್ದರೆ ಇಬ್ಬರನ್ನ ಮೊದಲು ಮಿಸೈಲ್ ರೂಮಿಗೆ ಇಳಿಸಿ, ಮೂರು ಮಿಸೈಲಿನ ಆ ವಾಲಿ ಶೀಲ್ಡ್ ದಾಟಿಕೊಂಡೇ ಬರೋದ್ರಿಂದ. ಲೇಸರ್ ರೂಮಿನವನನ್ನ ಮಾತ್ರ ಮುಟ್ಟಬೇಡಿ. ಕ್ರೂ ಪೂರ್ತಿ ಸತ್ತರೆ ಶಿಪ್ಪನ್ನ ಎಐ ವಹಿಸಿಕೊಂಡು ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಆ ಒಬ್ಬ ಬದುಕಿದ್ದರೆ, ಬಾಗಿಲಿಲ್ಲದ ರೂಮಲ್ಲಿ ಕೂತು ಬೇರೆ ರೂಮಿನ ಯಾವ ಸಿಸ್ಟಮನ್ನೂ ರಿಪೇರಿ ಮಾಡೋಕೆ ಹೋಗಲ್ಲ.